ಮಾಳಿಗೆಯ ಕಾವು

ಕೇಳುಗರೇ, ನಮಸ್ಕಾರ.

ಸಿಂಧನೂರಿನಲ್ಲಿರುವ ನನ್ನ ಅಕ್ಕ ಹಳೆಯ ಮಣ್ಣಿನ ಮಾಳಿಗೆ ಕೆಡವಿಸಿ ಆರ್‌ಸಿಸಿ ಮನೆ ಕಟ್ಟಿಸಿದಳು. ಮೊದಲ ಬೇಸಿಗೆಯಲ್ಲೇ ಹೋಗಿದ್ದೆ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬೆಚ್ಚಗಿತ್ತು. "ಫ್ಯಾನ್ ಹಾಕಿದ್ರ ಬಿಸಿ ಗಾಳಿನ ಬರ್ತೈತಿ ನೋಡು" ಎನ್ನುತ್ತ ಅಕ್ಕ ಚಾಪೆ ಎತ್ತಿಕೊಂಡು ಅಂಗಳಕ್ಕೆ ನಡೆದಳು. ದಪ್ಪ ಕಲ್ಲಿನ ಗೋಡೆ, ಜಂತಿಯ ಮೇಲೆ ಹೇರಿದ ಮಣ್ಣು, ನಡುವೆ ಬೆಳಕಿಂಡಿ ಇದ್ದ ಆ ಹಳೆಯ ಮನೆಯೊಳಗೆ ಇಷ್ಟು ಕಾವು ಇಳಿಯುತ್ತಿರಲಿಲ್ಲ. ಹಾಗಂತ ಅಕ್ಕನನ್ನು ದೂರಲಾರೆ. ಪ್ರತಿ ವರ್ಷ ಮಳೆಗೆ ಮುಂಚೆ ಸವುಳು ಮಣ್ಣು ಹೊತ್ತು ಹಾಕಿ ಸಾಕಾದವಳು ಅವಳೇ.

ಚಾವಣಿಯ ಕಾವಿಗೂ ಈಗ ಒಂದು ಲೆಕ್ಕ ಬಂದಿದೆ. ಕೇಂದ್ರ ಸರ್ಕಾರ 2018ರ ಡಿಸೆಂಬರ್ 14ರಂದು ವಸತಿ ಕಟ್ಟಡಗಳಿಗಾಗಿ ಇಕೋ ನಿವಾಸ್ ಸಂಹಿತೆ ತಂದಿತು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ, ಚಾವಣಿಯ ಒಂದು ಚದರ ಮೀಟರ್ ಮೂಲಕ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಹಾಯಬಾರದು ಎನ್ನುತ್ತದೆ ಅದು. ಬರೀ ಕಾಂಕ್ರೀಟ್ ಚಾವಣಿ ಅದರ ಎರಡು ಪಟ್ಟಿಗೂ ಹೆಚ್ಚು ಬಿಡುತ್ತದೆ. ಸಂಹಿತೆ ಮೊದಲಿಗೆ ಹೇಳಿದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ; ಮೂವತ್ತು ನಲವತ್ತರ ಸೈಟಿನ ನಮ್ಮಂಥವರನ್ನು ಅದು ಕಟ್ಟಿಹಾಕುವುದಿಲ್ಲ. ಆದರೆ ಬಿಸಿಲು ಸೈಟಿನ ಅಳತೆ ನೋಡಿ ಬೀಳುತ್ತದೆಯೇ? ಚಾವಣಿ ಹಾಕುವ ಮುಂಚೆಯೇ ಗೌಂಡಿಯನ್ನು ಕೂರಿಸಿಕೊಂಡು ಕೇಳಿ: ಮೇಲೆ ಶಾಖ ತಡೆಯಲು ಏನು ಹಾಕುತ್ತೀಯಪ್ಪಾ?

ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ ಇಲ್ಲವಲ್ಲ, ಉಳಿಸಿ ಏನು ಮಾಡೋಣ ಎಂದು ಕೆಲವರು ಕೇಳುತ್ತಾರೆ. ಬಿಲ್ ಸೊನ್ನೆಯಾದರೂ ಶಕ್ತಿನಗರದ, ಕುಡಿತಿನಿಯ ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. 2070ಕ್ಕೆ ನಿವ್ವಳ ಇಂಗಾಲ ಸೊನ್ನೆ, ಅಂದರೆ ಗಾಳಿಗೆ ಬಿಟ್ಟಷ್ಟನ್ನೂ ಹಿಂದಕ್ಕೆ ಹೀರಿ ಲೆಕ್ಕ ಸರಿದೂಗಿಸುತ್ತೇವೆ ಎಂದು ದೇಶ ಮಾತು ಕೊಟ್ಟಿದೆ. ನಮ್ಮ ಮನೆಯ ಲೆಕ್ಕ ಫ್ಯಾನಿನಿಂದಲೇ ಶುರುವಾಗಲಿ. ಹಳೆಯ ಫ್ಯಾನು 75 ವ್ಯಾಟ್ ಎಳೆದರೆ, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ ಹನ್ನೆರಡು ತಾಸು ತಿರುಗಿದರೆ, ಒಂದೇ ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್, ಸುಮಾರು 11 ಕಿಲೋ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಕೊಳ್ಳುವಾಗ ಅದರ ಮೇಲಿನ ಸ್ಟಾರ್ ಚೀಟಿ ನೋಡಿ; 2023ರಿಂದ ಸೀಲಿಂಗ್ ಫ್ಯಾನಿಗೂ ಅದು ಕಡ್ಡಾಯ.

ಅಕ್ಕನ ಚಾವಣಿ ಹಾಕಿ ಆಗಿಹೋಗಿತ್ತು. ಮರುವರ್ಷ ಶಿವರಾತ್ರಿ ಕಳೆದ ಮೇಲೆ ಸುಣ್ಣಕ್ಕೆ ಅಂಟು ಬೆರೆಸಿ ಇಬ್ಬರೂ ಬಳಿಯತೊಡಗಿದೆವು. ಅರ್ಧ ಮುಗಿಯುವಷ್ಟರಲ್ಲಿ ನಡುಮಧ್ಯಾಹ್ನ. ಬಳಿಯದ ಕಡೆ ಬರಿಗಾಲು ಊರಲಾಗಲಿಲ್ಲ. ಬಿಳಿಯಾಗಿ ಒಣಗಿದ ಕಡೆ ನಿಂತುಕೊಂಡೇ ಮಜ್ಜಿಗೆ ಕುಡಿದು, ಉಳಿದರ್ಧಕ್ಕೆ ಸುಣ್ಣ ಕಲಸಿದೆವು.

ನಮಸ್ಕಾರ.