ನೆಟ್ ಪುಡಿಪುಡಿ, ಮೆಣಸಿನ ಅಗಿ ಗಟ್ಟಿ! | ಕೊಪ್ಪಳದ ಹೊಲದಿಂದ

ಇದು ಕೊಪ್ಪಳದ ಹತ್ತಿರ ನಮ್ಮ ಕಾಕಾನ ಹೊಲ. ಟ್ರೇಗಳಲ್ಲಿ ಇರುವುದು ಬ್ಯಾಡಗಿ ಮೆಣಸಿನಕಾಯಿ ಅಗಿ, ಅಂದರೆ ನಾಟಿ ಮಾಡುವ ಎಳೇ ಸಸಿ. ಕೋಕೋಪಿಟ್ (ತೆಂಗಿನ ನಾರಿನ ಪುಡಿ) ತುಂಬಿದ್ದು, ಬೀಜ ಹಾಕಿದ್ದು ಎಲ್ಲ ಫಾಸ್ಟ್ ಓಡಿಸಿದ್ದೇನೆ, ನೋಡುತ್ತಾ ಇರಿ.

ಈಗ ಮೇಲೆ ನೋಡಿ. ಅದು ಶೇಡ್ ನೆಟ್ ಅಂತೆ! ಹೋದ ವರ್ಷ 4,200 ರೂಪಾಯಿ ಕೊಟ್ಟು ತಂದದ್ದು. "ಯುವಿ ಸ್ಟೆಬಿಲೈಸ್ಡ್ ಸರ್, ಐದು ವರ್ಷ ತಿರುಗಿ ನೋಡಬೇಡಿ" ಅಂದಿದ್ದ ಅಂಗಡಿಯವನು. ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ (ಯುವಿ) ತಾಳುವಂಥದ್ದು. ಈಗ ಕೇಳಿದರೆ "ಗಾಳಿಗೆ ಹರಿದದ್ದಕ್ಕೆ ನಾವೇನು ಮಾಡೋಣ?" ಅನ್ನುತ್ತಾನೆ. ಗಾಳಿಗಾದರೆ ಒಂದು ಕಡೆ ಸೀಳಬೇಕು, ಅಲ್ವಾ? ಇದು ಬೆರಳಲ್ಲಿ ತಿಕ್ಕಿದರೆ ಹುಡಿಯಾಗುತ್ತಿದೆ, ಎಲ್ಲಾ ಕಡೆ. ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಗಳನ್ನು ಯುವಿ ಕತ್ತರಿಸುತ್ತದೆ. ತಡೆಯಲು ಬೆರೆಸುವ ರಾಸಾಯನಿಕವೂ ದಿನ ಕಳೆದಂತೆ ಮುಗಿಯುತ್ತದೆ. ಇದರಲ್ಲಿ ಎಷ್ಟು ಬೆರೆಸಿದ್ದರೋ, ದೇವರಿಗೇ ಗೊತ್ತು. ಕಪ್ಪು ನೆಟ್ಟಿನಲ್ಲಿ ಕಾರ್ಬನ್ ಇರುತ್ತದೆ, ಅದು ಯುವಿ ಹೀರಿಕೊಳ್ಳುವುದರಿಂದ ಸಾಮಾನ್ಯವಾಗಿ ಜಾಸ್ತಿ ಬಾಳುತ್ತದೆ. ಹಸಿರು ಚೆಂದ ಕಾಣುತ್ತದೆ ಅಂತ ಅವನೇ ಕಟ್ಟಿಕೊಟ್ಟ. ಹೊಲದಲ್ಲಿ ಚೆಂದ ಯಾರಿಗೆ ಬೇಕು!

ಅದೇ ಬಿಸಿಲು ಈ ಎಲೆಗೂ ಬೀಳುತ್ತಿದೆ. ನಮಗೆ ತಟ್ಟುವ ಕಾವು ಬೇರೆ, ಯುವಿ ಬೇರೆ. ಅದರಲ್ಲಿ 280ರಿಂದ 315 ನ್ಯಾನೋಮೀಟರ್ ತರಂಗಾಂತರದ ಯುವಿ-ಬಿ ಡಿಎನ್‌ಎಯನ್ನೇ ಕೆಡಿಸುತ್ತದೆ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಆದರೆ ಜೀವಕೋಶದೊಳಗೆ ಯುವಿಆರ್8 ಅನ್ನುವ ಪ್ರೋಟೀನ್ ಜೋಡಿಜೋಡಿಯಾಗಿ ಇರುತ್ತದೆ. ಯುವಿ-ಬಿ ಬಿದ್ದರೆ ಜೋಡಿ ಬಿಡುತ್ತದೆ, ಸುದ್ದಿ ಜೀನುಗಳಿಗೆ ಮುಟ್ಟುತ್ತದೆ. ಸಾಸಿವೆ ಜಾತಿಯ ಒಂದು ಪುಟ್ಟ ಗಿಡದಲ್ಲಿ 2011ರಲ್ಲಿ ಇದು ಖಚಿತವಾಯಿತು. ಆಮೇಲೆ ಎಲೆಯ ಮೇಲುಪದರದಲ್ಲಿ ಫ್ಲಾವನಾಯ್ಡ್ ತುಂಬುತ್ತದೆ, ಅದೇ ಗಿಡದ ಸನ್‌ಸ್ಕ್ರೀನ್. ಗಿಡ ಗಿಡ್ಡ ಆಗುತ್ತದೆ, ಎಲೆ ದಪ್ಪ ಆಗುತ್ತದೆ. ಕೆಟ್ಟ ಡಿಎನ್‌ಎ ರಿಪೇರಿಗೆ ಫೋಟೋಲೈಯೇಸ್ ಅಂತ ಒಂದು ಕಿಣ್ವ ಇದೆ. ಅದು ಕೆಲಸ ಮಾಡುವುದು ಬೆಳಕಿನಿಂದಲೇ! ನಮ್ಮ ಮೈಯಲ್ಲಿ ಅದು ಇಲ್ಲ, ನಮ್ಮ ರಿಪೇರಿ ದಾರಿಯೇ ಬೇರೆ.

ಹಂಗಾದರೆ ನೆಟ್ಟೇ ಬೇಡ, ದುಡ್ಡು ದಂಡ ಅಂದೆ. ಕಾಕಾ ಬಿಡಲಿಲ್ಲ.

"ತಮ್ಮಾ, ಎಳೇ ಅಗಿ ಮ್ಯಾಲ ಈ ಬಿಸಲು ಬಿದ್ರ ಉಳೀತೈತೇನು? ನೆಟ್ ಬೇಕು. ತೆಗಿಯಾಕ ಗೊತ್ತಿರಬೇಕು."

ಸರಿ, ಬೇಕು. ನೆರಳಲ್ಲೇ ಇದ್ದ ಅಗಿಗೆ ಯುವಿ ಕಡಿಮೆ, ಸನ್‌ಸ್ಕ್ರೀನೂ ಕಡಿಮೆ. ಅದನ್ನು ಸೀದಾ ಹೊಲಕ್ಕೆ ಹಚ್ಚಿದರೆ ಎಲೆ ಬಿಳಿಚಿ ಸುಡುತ್ತದೆ. ಯುವಿ ಒಂದೇ ಅಲ್ಲ, ಕಾವು, ಜೋರು ಬೆಳಕು, ಬೇರಿಗೆ ಸಾಲದ ನೀರು ಎಲ್ಲ ಸೇರಿರುತ್ತದೆ. ಅದೂ ಅಲ್ಲದೆ ಕೊಪ್ಪಳದಲ್ಲಿ ಮೇ ಶುರುವಿನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಮೋಡ ಸರಿದರೆ ಯುವಿ ಜೋರು.

ಅಗೋ, ಕಾಕು ಒಗ್ಗರಣಿ ಮಿರ್ಚಿ ತಂದರು. ಈ ಕಡೆ ಮಿರ್ಚಿ ತಿಂದವರಿಗೆ ಬೆಂಗಳೂರಿನ ಬಜ್ಜಿ ಸಪ್ಪೆ, ಬೈದರೆ ಬೈಯಿರಿ. ಆ ಮೆಣಸಿನಕಾಯಿ... ಅಯ್ಯೋ, ಶಾಟ್ ಮುಗಿಯಿತು. ಹಾಂ, ನಾಟಿಗೆ ವಾರ ಇರುವಾಗಲೇ ನೆಟ್ ಸರಿಸಲು ಶುರು ಮಾಡಿ. ಮೊದಲು ಬೆಳಗಿನ ಬಿಸಿಲು, ಆಮೇಲೆ ಹೊತ್ತು ಹೆಚ್ಚಿಸಿ. ನಮ್ಮದು ತಾನೇ ಹರಿದು ಆ ಕೆಲಸ ಮಾಡಿಬಿಟ್ಟಿದೆ. ಟ್ರೇ ಹೊರುತ್ತೇನೆ, ಬನ್ನಿ.