ಮೊದಲು ತೂಕ ಹೇಳಿ

ಎಲ್ಲರಿಗೂ ನಮಸ್ಕಾರ. ಎಚ್‌ಒಡಿ ಮೇಡಂ ನನಗೆ ನಲವತ್ತು ನಿಮಿಷ ಕೊಟ್ಟಿದ್ದರು. ಅದರಲ್ಲಿ ಹದಿನೈದು ನಿಮಿಷ ಹಾರ, ಶಾಲು, ನನ್ನ ಪರಿಚಯದಲ್ಲೇ ಹೋಯಿತು. ಪರಿಚಯದಲ್ಲಿ ಹೇಳಿದ್ದರಲ್ಲಿ ಅರ್ಧದಷ್ಟು ನಿಜ ಇದೆ, ಚಿಂತೆ ಇಲ್ಲ.

ಬೆಳಿಗ್ಗೆ ನಿಮ್ಮ ವರ್ಕ್‌ಶಾಪ್‌ಗೆ ಹೋಗಿದ್ದೆ. ಫೈನಲ್ ಇಯರ್‌ನವರು ಕಟ್ಟುತ್ತಿರುವ ಕಾರು ನೋಡಿದೆ. ಅರವತ್ತರ ದಶಕದ ಕಾರಿನ ಹಾಗೆ ಉದ್ದನೆಯ ಬಾನೆಟ್, ದುಂಡು ಹೆಡ್‌ಲೈಟು, ಕೆಂಪು ಬಣ್ಣ. ಚೆನ್ನಾಗಿದೆ, ಫೋಟೋನೂ ತೆಗೆದುಕೊಂಡೆ. ಆಮೇಲೆ "ತೂಕ ಎಷ್ಟಪ್ಪಾ?" ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗಲೇ ನಾನು ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಮಡಚಿ ಜೇಬಿಗೆ ಇಟ್ಟೆ.

ಹಳೇ ಸ್ಪೋರ್ಟ್ಸ್ ಕಾರು ನೋಡಿ ಹೊಸದು ಕಟ್ಟುವಾಗ ಸುಲಭವಾಗಿ ಸಿಗುವುದು ಮುಖ. ಯಕ್ಷಗಾನ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚೌಕಿಯಲ್ಲಿ ಕೂತು ಬಣ್ಣ ಬಳಿದುಕೊಂಡು ಕಿರೀಟ ಇಟ್ಟರೆ ಯಾರು ಬೇಕಾದರೂ ಕರ್ಣನ ಹಾಗೆ ಕಾಣುತ್ತಾರೆ. ರಂಗಸ್ಥಳದಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಬಂಡವಾಳ ಗೊತ್ತಾಗುತ್ತದೆ. ಕಾರಿಗೆ ಆ ನಾಲ್ಕು ಹೆಜ್ಜೆ ಅಂದರೆ ಮೊದಲನೇ ತಿರುವು.

ಜಪಾನಿನ ಮಾಜ್ದಾ ಕಂಪನಿಯ ಸಣ್ಣ ಸ್ಪೋರ್ಟ್ಸ್ ಕಾರು ಎಂಎಕ್ಸ್-5 ಕತೆ ನಿಮಗೆ ಗೊತ್ತು. ಆದರೂ ಹೇಳುತ್ತೇನೆ, ನನಗೆ ಇಷ್ಟ. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಆಟೋಮೊಬೈಲ್ ಪತ್ರಕರ್ತ ಜಪಾನಿಗೆ ಹೋಗಿ ಮಾಜ್ದಾದ ಕೆನಿಚಿ ಯಾಮಾಮೊಟೊ ಅವರನ್ನು ಕಂಡ. ಯಾಮಾಮೊಟೊ ಅಂದರೆ ಸಾಮಾನ್ಯ ಆಸಾಮಿ ಅಲ್ಲ. ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ರೋಟರಿ ಎಂಜಿನ್‌ಗೆ ಮಾಜ್ದಾದಲ್ಲಿ ಜೀವ ಕೊಟ್ಟ ಎಂಜಿನಿಯರ್. ಮುಂದೆ ಎಂಥ ಕಾರು ಮಾಡಬೇಕು ಎಂಬ ಮಾತು ಬಂತು. ಹಾಲ್‌ಗೆ ಅಷ್ಟು ಸಾಕಾಯಿತು. ಹಳೇ ಬ್ರಿಟಿಷ್ ಕಾರುಗಳ ಹಾಗೆ ಸಣ್ಣದು, ಹಗುರ, ಟಾಪ್ ತೆಗೆದರೆ ಗಾಳಿ ಮುಖಕ್ಕೆ ಹೊಡೆಯಬೇಕು, ಎಂಜಿನ್ ಮುಂದೆ, ಓಡುವ ಚಕ್ರ ಹಿಂದೆ ಅಂತ ಶುರು ಮಾಡಿ ಬೋರ್ಡ್ ಮೇಲೆ ಚಿತ್ರವನ್ನೂ ಬರೆದ. ಸುಮ್ನೆ ಒಬ್ಬ ಪತ್ರಕರ್ತ, ಸ್ವಾಮೀ. ನಮ್ಮಲ್ಲಾದರೆ ಟೀ ಕುಡಿಸಿ ಕಳಿಸುತ್ತಿದ್ದರು.

ಯಾಮಾಮೊಟೊ ಅವರು ಕೂಡಲೇ ಹೂಂ ಅನ್ನಲಿಲ್ಲ. ಆದರೆ ಒಂದು ದಿನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್ ತೆಗೆದುಕೊಂಡು ಹಕೋನೆ ಬೆಟ್ಟದ ರಸ್ತೆಗೆ ಹೋದರು. ಹಕೋನೆ ಗೊತ್ತಿಲ್ಲದಿದ್ದರೆ ಆಗುಂಬೆ ನೆನೆಸಿಕೊಳ್ಳಿ. ಸ್ಪಿಟ್‌ಫೈರ್ ವೇಗದ ಗಾಡಿಯೇನೂ ಅಲ್ಲ. ಆದರೆ ತಿರುವು ತಿರುವಿಗೂ ಸ್ಟೀರಿಂಗ್ ಕೈಗೆ ಸುದ್ದಿ ಹೇಳುತ್ತದೆ. ಬೆಟ್ಟದಿಂದ ಇಳಿಯುವ ಹೊತ್ತಿಗೆ ಅವರ ತಲೆಯಲ್ಲಿ ಏನು ಓಡುತ್ತಿತ್ತೋ, ನಾನು ಪಕ್ಕದ ಸೀಟಿನಲ್ಲಿ ಇರಲಿಲ್ಲ. ಎಂಬತ್ತರ ದಶಕದಲ್ಲಿ ಕೆಲಸ ಶುರುವಾಯಿತು, ಹಾಲ್ ಕೂಡ ಮಾಜ್ದಾ ಸೇರಿದ. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಕಾರು ಹೊರಬಂತು. 2016ಕ್ಕೆ ಹತ್ತು ಲಕ್ಷ ಕಾರು ತಯಾರಾಗಿದ್ದವು.

ಮಾಜ್ದಾದವರ ಕಣ್ಣ ಮುಂದೆ ಇದ್ದದ್ದು 1962ರ ಬ್ರಿಟಿಷ್ ಕಾರು ಲೋಟಸ್ ಎಲಾನ್. ಕಾಲಿನ್ ಚಾಪ್‌ಮನ್ ಕಂಪನಿಯ ಕಾರು. ಮಧ್ಯದಲ್ಲಿ ಬೆನ್ನುಮೂಳೆಯ ಹಾಗೆ ಒಂದೇ ಸ್ಟೀಲ್ ಚಾಸಿಸ್, ಅಂದರೆ ಅಡಿ ಚೌಕಟ್ಟು, ಮೇಲೆ ಫೈಬರ್‌ಗ್ಲಾಸ್ ಮೈ. ತೂಕ ಸುಮಾರು 700 ಕಿಲೋ ಅಷ್ಟೇ. ನೋಡಿ, ತೂಕ ಬಂತು. ಮಾಜ್ದಾದವರು ಎಲಾನ್ ಮುಖವನ್ನೂ ಸ್ವಲ್ಪ ತೆಗೆದುಕೊಂಡರು, ಇಲ್ಲ ಅನ್ನುವುದಿಲ್ಲ. ಎದ್ದು ಮಲಗುವ ಹೆಡ್‌ಲೈಟು ಇತ್ತು. ಎಲಾನ್‌ನಲ್ಲಿ ಅದು ವ್ಯಾಕ್ಯೂಮ್‌ನಿಂದ ಏಳುತ್ತಿತ್ತು, ಆ ವ್ಯಾಕ್ಯೂಮ್ ಹಿಡಿದಿಡುವ ಜಾಗ ಚಾಸಿಸ್‌ನ ಮುಂದಿನ ಅಡ್ಡಪಟ್ಟಿಯ ಒಳಗೇ. ಅಲ್ಲಿ ತುಕ್ಕು ಹಿಡಿದು ತೂತಾದರೆ ಕಾರು ನಿದ್ದೆಗಣ್ಣಿನಲ್ಲಿ ಓಡುತ್ತಿತ್ತು. ಮಾಜ್ದಾ ಮೋಟರ್ ಹಾಕಿತು. ಹಳೇದರ ಚಂದ ಉಳಿಸಿ ರೋಗ ಬಿಡುವುದು ಅಂದರೆ ಇದೇ.

ಈಗ ಒಳಗೆ ಬನ್ನಿ. ಎಂಜಿನ್ 1.6 ಲೀಟರ್, ಮನೆ ಮಂದಿ ಓಡಿಸುವ ಕಾರಿನ ಎಂಜಿನ್‌ಗೆ ಹತ್ತಿರದ ಸಂಬಂಧಿ. ಗೇರ್‌ಬಾಕ್ಸ್‌ನಿಂದ ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಅಲ್ಯೂಮಿನಿಯಂ ಫ್ರೇಮ್ ಹಾಕಿ ಎರಡನ್ನೂ ಬಿಗಿದರು. ಕಾಲು ಒತ್ತಿದ ಕ್ಷಣ ನಡುವೆ ಏನೂ ಜೋಲಾಡದೆ ಹಿಂದಿನ ಚಕ್ರಕ್ಕೆ ಗೊತ್ತಾಗಬೇಕು, ಅದಕ್ಕೆ. ಬ್ಯಾಟರಿಯನ್ನು ಮುಂದಿನಿಂದ ಕಿತ್ತು ಡಿಕ್ಕಿಯಲ್ಲಿ ಇಟ್ಟರು. ಯಾಕೆ ಹೇಳಿ? ಹಾಂ, ಹಿಂದಿನ ಬೆಂಚಿನ ಹುಡುಗಿ ಹೇಳಿದಳು. ಮುಂದೆ ಹಿಂದೆ ಭಾರ ಸರಿಸಮ ಮಾಡಲು. ಇದಕ್ಕೆ ಅವರು ಇಟ್ಟ ಹೆಸರು ಜಿನ್ಬಾ ಇತ್ತಾಯ್, ಕುದುರೆಯೂ ಸವಾರನೂ ಒಂದೇ ಮೈ ಅಂತ. ಒಟ್ಟು ತೂಕ? ಸಾವಿರ ಕಿಲೋಗಿಂತ ಕಡಿಮೆ. ಏರ್‌ಬ್ಯಾಗು, ಕ್ರ್ಯಾಶ್ ಟೆಸ್ಟು ಎಲ್ಲ ಜಾಸ್ತಿಯಾದ ಮೇಲೂ 2015ರ ನಾಲ್ಕನೇ ತಲೆಮಾರು ಸಾವಿರ ಕಿಲೋ ಆಸುಪಾಸಿನಲ್ಲೇ ನಿಂತಿದೆ, ಉದ್ದ ಮೊದಲನೆಯದಕ್ಕಿಂತ ಕಡಿಮೆ. ಸಾಮಾನ್ಯವಾಗಿ ಕಾರುಗಳು ನಮ್ಮ ಹಾಗೆ. ವಯಸ್ಸಾದಂತೆ ಸೊಂಟ ದಪ್ಪ ಆಗುತ್ತದೆ.

ನಾನೂ ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಕಟ್ಟಿದೆ. ಗುಜರಿಯಿಂದ ತಂದ ಎಂಜಿನ್, ಸ್ಟೀಲ್ ಪೈಪು, ಮೇಲೆ ದಪ್ಪ ತಗಡು. ಗಟ್ಟಿ ಇರಲಿ ಅಂತ ಎಲ್ಲ ಕಡೆ ಇನ್ನೊಂದು ಪೈಪು. ನೋಡಲು ರಾಜನ ಹಾಗಿತ್ತು. ನಮ್ಮೂರಿನ ಕೆರೆ ಏರಿ ಹತ್ತಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ನೋಡಿ, "ತಮ್ಮಾ, ಇದಕ್ಕೆ ಹೊಟ್ಟೆ ಭಾರ" ಅಂದ. ಎಂಜಿನಿಯರಿಂಗ್‌ನಲ್ಲಿ ನನಗೆ ಸಿಕ್ಕ ಮೊದಲ ರಿವ್ಯೂ ಅದು.

ಚೀಟಿ ಬಂತು. ಇನ್ನು ಐದು ನಿಮಿಷವಂತೆ. ಹಾಗಾದರೆ ಫೋರ್ಡ್ ಓಡಿಸಿಬಿಡುತ್ತೇನೆ. 1966ರಲ್ಲಿ ಫ್ರಾನ್ಸಿನ 24 ಗಂಟೆಯ ರೇಸು ಲೆಮಾನ್‌ನಲ್ಲಿ ಮೊದಲ ಮೂರೂ ಸ್ಥಾನ ಹೊಡೆದ ಜಿಟಿ40. ಆ 40 ಅಂದರೆ 40 ಇಂಚು ಎತ್ತರ. 2005ರ ಫೋರ್ಡ್ ಜಿಟಿ ಅದೇ ಮುಖ, ಆದರೆ ನಾಲ್ಕು ಇಂಚು ಜಾಸ್ತಿ ಎತ್ತರ, ತೂಕ ಒಂದೂವರೆ ಸಾವಿರ ಕಿಲೋ ದಾಟಿತು. ಜಿಟಿ40 ಹೆಸರಿನ ಹಕ್ಕು ಬೇರೆಯವರ ಕೈಯಲ್ಲಿದ್ದದ್ದರಿಂದ ಸಂಖ್ಯೆ ಕೈಬಿಟ್ಟರು. ಇಂಚುಪಟ್ಟಿ ಹಿಡಿದರೆ ಅದೇ ಸರಿ, ಅಲ್ವಾ? ಬೈಯುವುದಿಲ್ಲ. 550 ಕುದುರೆ ಶಕ್ತಿ ಇರುವವರ ವೇಷವನ್ನು ಬೈಯಬಾರದು.

ಆಲ್ಪೀನ್ ಎ110 ಬಗ್ಗೆ ಒಂದು ಗಂಟೆ ಬೇಕು. 1973ರಲ್ಲಿ ಮೊದಲ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದ ಫ್ರೆಂಚ್ ಕಾರು, 2017ರಲ್ಲಿ ಮತ್ತೆ ಬಂತು. ಅದೇ ನಾಲ್ಕು ದೀಪ, ಅದೇ ಡಿಯಪ್ ಊರಿನ ಕಾರ್ಖಾನೆ. ಆದರೆ ಹಿಂದಿನ ಆಕ್ಸಲ್‌ನ ಆಚೆ ನೇತಾಡುತ್ತಿದ್ದ ಎಂಜಿನ್ ಈಗ ಆಕ್ಸಲ್‌ನ ಮುಂದೆ ಬಂದಿದೆ, ಮೈ ಅಲ್ಯೂಮಿನಿಯಂ. ತೂಕ ಸುಮಾರು 1,100 ಕಿಲೋ. ಉಳಿದದ್ದು ಊಟದ ಹೊತ್ತಿಗೆ ಕೇಳಿ.

ಆದರೆ ಊಟಕ್ಕೆ ಮೊದಲು ಒಂದು ಕೆಲಸ ಇದೆ. ಬರುವಾಗ ನೋಡಿದೆ, ನಿಮ್ಮ ಗೇಟಿನ ಎದುರು ಗುಜರಿ ಅಂಗಡಿ ಇದೆ, ಅಲ್ಲಿ ದೊಡ್ಡ ಕಾಟಾ ಇದೆ. ಒಂದು ಎಂಟು ಜನ ಬನ್ನಿ, ಆ ಕೆಂಪು ಕಾರನ್ನು ತಳ್ಳಿಕೊಂಡು ಹೋಗೋಣ. ಮೇಡಂ, ಬೀಗದ ಕೈ ಯಾರ ಹತ್ತಿರ ಇದೆ?