ಡಾಂಗ್ ಗುಯಿ ಕುಡಿಯುವ ಮೊದಲು

ಎಲ್ಲರಿಗೂ ನಮಸ್ಕಾರ. ಈ ತಟ್ಟೆಯಲ್ಲಿರುವ ಚೂರುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಮೂಸಿ ನೋಡಿ. ತೆಳ್ಳಗೆ ಕೊಯ್ದು ಒಣಗಿಸಿದ ಬೇರು. ನಡುವೆ ಕೆನೆ ಬಣ್ಣ, ಅಂಚಿನಲ್ಲಿ ಕಂದು. ಸೆಲರಿ ಸೊಪ್ಪಿನ ವಾಸನೆ ಬಂತು ಅಲ್ವಾ? ಸೆಲರಿ, ಕೊತ್ತಂಬರಿ, ಕ್ಯಾರೆಟ್ ಇವೆಲ್ಲ ಇದರ ನೆಂಟರೇ. ಚೀನಾದ ಗಾನ್ಸು ಪ್ರಾಂತ್ಯದ ತಂಪು ಗುಡ್ಡಗಳಲ್ಲಿ ಜಾಸ್ತಿ ಬೆಳೆಯುತ್ತಾರೆ. ಹೆಸರು ಡಾಂಗ್ ಗುಯಿ. ಕ್ಯಾಪ್ಸೂಲ್ ಡಬ್ಬಿಗಳ ಮೇಲೆ ಡಾಂಗ್ ಕ್ವಾಯ್ ಅಂತಲೂ ಇರುತ್ತದೆ.

ಸಿಂಗಪುರಕ್ಕೆ ಬಂದ ಮೇಲೆ ನಮಗೆ ಇದರ ಪರಿಚಯ ತಾನಾಗಿಯೇ ಆಗುತ್ತದೆ. ನಾವು ಬಾಣಂತಿಗೆ ಅಂಟಿನುಂಡೆ ಮಾಡಿಕೊಡುವ ಹಾಗೆ ಪಕ್ಕದ ಮನೆಯ ಚೀನೀ ಆಂಟಿ ಮಗಳ ಬಾಣಂತನದಲ್ಲಿ ಕೋಳಿ ಸಾರಿಗೆ ಈ ಬೇರು ಹಾಕುತ್ತಾರೆ. ನಿಮಗೂ ಪ್ರೀತಿಯಿಂದ ಒಂದು ಪೊಟ್ಟಣ ಕೊಡುತ್ತಾರೆ. ಆ ಪ್ರೀತಿಯನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಚಿಂತೆ ಬೇರೆ.

ನಾನು ಔಷಧ ಕೌಂಟರಿನಲ್ಲಿ ಕೆಲಸ ಮಾಡುವವಳು. "ಬೇರೆ ಏನಾದರೂ ಔಷಧಿ ತಗೋತೀರಾ?" ಅಂತ ಕೇಳಿದರೆ "ಇಲ್ಲ" ಎನ್ನುತ್ತಾರೆ. ಸ್ವಲ್ಪ ಹೊತ್ತು ಮಾತಾಡಿದರೆ "ಸುಮ್ನೆ ಒಂದು ಬೇರಿನ ಕಷಾಯ ಕುಡೀತೀನಿ, ಅದೇನು ಔಷಧಿ ಅಲ್ಲ" ಅಂತ ಹೊರಬೀಳುತ್ತದೆ. ಔಷಧಿ ಅಲ್ಲದಿದ್ದರೆ ಯಾಕೆ ಕುಡಿಯುತ್ತೀರಿ ಹೇಳಿ!

1999ರಲ್ಲಿ ವೈದ್ಯರು ದಾಖಲಿಸಿದ ಒಂದು ಪ್ರಕರಣ ಇದೆ. 46 ವರ್ಷದ ಹೆಂಗಸು. ಹೃದಯ ಬಡಿತದ ತೊಂದರೆಗೆ ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆಯಲ್ಲಿ ಅಂಥವರಿಗೆ 2ರಿಂದ 3 ಇರಬೇಕು. ಡಾಂಗ್ ಕ್ವಾಯ್ ಮಾತ್ರೆ ಶುರು ಮಾಡಿ ನಾಲ್ಕು ವಾರಕ್ಕೆ ಅದು 4.9ಕ್ಕೆ ಏರಿತ್ತು. ಅಂದರೆ ರಕ್ತ ಹೆಪ್ಪುಗಟ್ಟುವುದು ತುಂಬಾ ತಡ, ರಕ್ತಸ್ರಾವದ ಭಯ. ಮಾತ್ರೆ ಬಿಟ್ಟ ಮೇಲೆ ಇಳಿಯಿತು. ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಈ ಬೇರು ಬೇಡವೇ ಬೇಡ. ಆಸ್ಪಿರಿನ್ ತಗೊಳ್ಳುವವರೂ ಕೇಳದೆ ಮುಟ್ಟಬೇಡಿ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ನಿಲ್ಲಿಸಿ. ಗರ್ಭಿಣಿಯರು, ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವವರು, ಸ್ತನ ಕ್ಯಾನ್ಸರ್ ಆದವರು ದೂರ ಇರಿ.

ಮುಟ್ಟು ನಿಲ್ಲುವ ಕಾಲದ ತೊಂದರೆಗೆ ಇದರಿಂದ ಉಪಯೋಗ ಇದೆಯಾ? 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮುಟ್ಟು ನಿಂತ 71 ಹೆಂಗಸರನ್ನು ಪರೀಕ್ಷೆಗೆ ಸೇರಿಸಿಕೊಂಡರು. ಕೆಲವರಿಗೆ ದಿನಕ್ಕೆ 4.5 ಗ್ರಾಂ ಡಾಂಗ್ ಗುಯಿ, ಉಳಿದವರಿಗೆ ಹುಸಿ ಮಾತ್ರೆ, 24 ವಾರ. ಮೈ ಬಿಸಿಯೇರಿ ಬೆವರುವ ತೊಂದರೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ತರಹ ಇತ್ತು. ಚೀನೀ ವೈದ್ಯರು ಒಂದು ಮಾತು ಹೇಳುತ್ತಾರೆ: ನಾವು ಇದನ್ನು ಒಂಟಿಯಾಗಿ ಕೊಡುವುದೇ ಕಡಿಮೆ. ನಿಜ. ಅವರ ಹಳೆಯ ಸಿ ವು ಟಾಂಗ್ ಕಷಾಯದಲ್ಲಿ ಇದರ ಜೊತೆ ಇನ್ನೂ ಮೂರು ಬೇರುಗಳಿವೆ, ನಾಡಿ, ನಾಲಿಗೆ ನೋಡಿ ಅಳತೆ ಹೇಳುತ್ತಾರೆ. ಹಾಗಿದ್ದ ಮೇಲೆ ಆನ್‌ಲೈನಿನಲ್ಲಿ ತರಿಸಿದ ಒಂಟಿ ಕ್ಯಾಪ್ಸೂಲಿಗೆ ದುಡ್ಡು ಸುರಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಹೆಸರಿಲ್ಲದ ಪುಡಿಯನ್ನಂತೂ ಮನೆಗೆ ತರಬೇಡಿ. 1990ರ ದಶಕದ ಶುರುವಿನಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಮಾತ್ರೆಗೆ ಫಾಂಗ್ ಜಿ ಎಂಬ ಬೇರು ಸೇರಿಸಿದ್ದರು. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಬೇರು ಮಾರಾಟವಾಗುತ್ತವೆ. ಬಂದದ್ದು ಅರಿಸ್ಟೊಲೋಕಿಕ್ ಆಮ್ಲ ಇರುವ ವಿಷದ ಬೇರು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು, ಹೆಚ್ಚಿನವರು ಹೆಂಗಸರು. ಇಲ್ಲಿ ನೋಂದಣಿ ಇರುವ ಚೀನೀ ವೈದ್ಯರಿದ್ದಾರೆ. ಅವರ ಹತ್ತಿರವೇ ಹೋಗಿ, ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಹೆಸರು ಹೇಳಿ.

ಇನ್ನೊಂದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಕಷಾಯ ಕುದಿಸುತ್ತಾ ಕೂರಬೇಡಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಯಾರ ಬ್ಯಾಗಿನಲ್ಲಾದರೂ ಪೊಟ್ಟಣ, ಡಬ್ಬಿ ಇದೆಯಾ? ಮುಂದೆ ತನ್ನಿ. ಲೇಬಲ್ ಒಟ್ಟಿಗೆ ಕೂತು ಓದೋಣ.